ಜಿನ್ ಚೀನೀ: ಮ್ಯಾಂಡರಿನ್‌ನ ಒಳಗೋ, ಹೊರಗೋ?

ಕಾಳಿನದಿ
ಚೀನೀ ನುಡಿಗಳ ಮಾತು ಬಂದಾಗಲೆಲ್ಲ ಇಲ್ಲಿ ಕ್ಯಾಂಟನೀಸ್, ಶಾಂಘೈ ಮಾತು, ಹಕ್ಕಾ ಇಷ್ಟಕ್ಕೇ ಚರ್ಚೆ ನಿಲ್ಲುತ್ತದೆ. ಅವು ಬೀಜಿಂಗ್ ಮಾತನ್ನೂ ಒಳಗೊಂಡ ಮ್ಯಾಂಡರಿನ್ ಗುಂಪಿಗಿಂತ ಬೇರೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ನನಗೆ ಚರ್ಚೆ ಬೇಕಿರುವುದು ಜಿನ್ ಬಗ್ಗೆ. ಇದನ್ನು ಮ್ಯಾಂಡರಿನ್ ಒಳಗೇ ಇಡಬೇಕೋ, ಬೇರೆ ಗುಂಪು ಮಾಡಬೇಕೋ ಎಂದು ಚೀನಾದ ಭಾಷಾ ವಿದ್ವಾಂಸರೇ ನಾಲ್ಕು ದಶಕದಿಂದ ವಾದ ಮಾಡುತ್ತಿದ್ದಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜಿನ್ ಆಡುವುದು ಮುಖ್ಯವಾಗಿ ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ. ರಾಜಧಾನಿ ತೈಯುವಾನ್, ಹಳೇ ವ್ಯಾಪಾರಿ ಪಟ್ಟಣ ಪಿಂಗ್ಯಾವ್, ಕಲ್ಲಿದ್ದಲಿನ ಊರು ದಾತೋಂಗ್ ಎಲ್ಲ ಈ ವ್ಯಾಪ್ತಿಗೆ ಬರುತ್ತವೆ. ಅಲ್ಲಿಗೇ ಮುಗಿಯುವುದಿಲ್ಲ. ಹಳದಿ ನದಿಯ ಆಚೆ ಇರುವ, ಹೆಚ್ಚುಕಮ್ಮಿ ಅದೇ ಹೆಸರಿನ ಶಾಆನ್‌ಶಿ ಪ್ರಾಂತ್ಯದ ಉತ್ತರ ಭಾಗ, ಒಳ ಮಂಗೋಲಿಯಾದ ಹೋಹೋಟ್ ಮತ್ತು ಬಾವ್‌ತೌ, ಹೆಬೇ ಪ್ರಾಂತ್ಯದ ಪಶ್ಚಿಮದ ಅಂಚು, ಹೆನಾನ್‌ನ ಉತ್ತರದ ಆನ್‌ಯಾಂಗ್ ಮತ್ತು ಶಿನ್‌ಶಿಯಾಂಗ್ ಕಡೆಯ ಮಾತೂ ಜಿನ್ ಅಂತಲೇ ಲೆಕ್ಕ. ಆಡುವವರು ಸುಮಾರು 6 ಕೋಟಿ. ಸಣ್ಣ ನುಡಿ ಖಂಡಿತ ಅಲ್ಲ.

1985ಕ್ಕೆ ಮುಂಚೆ ಇದೆಲ್ಲ ಮ್ಯಾಂಡರಿನ್ ಅಂತಲೇ ಇತ್ತು. ಆಗ ಚೀನೀ ನುಡಿಗಳನ್ನು ಸಾಮಾನ್ಯವಾಗಿ 7 ಗುಂಪು ಮಾಡುತ್ತಿದ್ದರು. ಆ ವರ್ಷ ಲೀ ರೋಂಗ್ ಎಂಬ ವಿದ್ವಾಂಸರು ಜಿನ್ ಅನ್ನು ಬೇರೆ ತೆಗೆದರು. 1987ರಲ್ಲಿ ಚೀನಾ ಮತ್ತು ಆಸ್ಟ್ರೇಲಿಯಾದ ಅಕಾಡೆಮಿಗಳು ಸೇರಿ ಚೀನಾದ ಭಾಷಾ ನಕ್ಷೆ ಪ್ರಕಟಿಸಿದವು. ಅದರಲ್ಲಿ ಗುಂಪುಗಳು 10 ಆದವು. ಹೊಸದಾಗಿ ಸೇರಿದ್ದು ಜಿನ್, ಹುಯಿ ಮತ್ತು ಪಿಂಗ್‌ಹುವಾ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಜಿನ್‌ಗೆ ಬೇರೆ ಜಾಗ ಸಿಗಬೇಕು. ಆದರೆ ಲೀ ರೋಂಗ್ ಕೊಟ್ಟ ಒಂದೇ ಒಂದು ಕಾರಣ ಅದಕ್ಕೆ ಸಾಲದು. ನೀವೇನಂತೀರಿ?

ಹೊಸಬೆಳಕು
ಆ ಒಂದು ಕಾರಣ ಏನು ಅಂತ ಬಿಡಿಸಿ ಹೇಳಿ. ನನಗೆ ಮ್ಯಾಂಡರಿನ್‌ನ ನಾಲ್ಕು ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಗೊತ್ತು, ಅಷ್ಟೇ.

ಕಾಳಿನದಿ
ಆ ಕಾರಣದ ಹೆಸರು ರುಶೆಂಗ್. ಹಳೇ ಚೀನೀಯಲ್ಲಿ ಕೆಲವು ಪದಗಳು ಪ್, ತ್, ಕ್ ಎಂದು ಗಕ್ಕನೆ ನಿಲ್ಲುತ್ತಿದ್ದವು. ಆ ಮೊಟಕು ಉಚ್ಚಾರವನ್ನೇ ಒಂದು ಟೋನ್ ಅಂತ ಎಣಿಸುತ್ತಿದ್ದರು. ಕ್ಯಾಂಟನೀಸ್‌ನಲ್ಲಿ ಇವತ್ತಿಗೂ ಮೂರೂ ಇವೆ. ಒಂದು ಅನ್ನುವುದಕ್ಕೆ ಯಾತ್, ಹತ್ತಕ್ಕೆ ಸಾಪ್, ದೇಶಕ್ಕೆ ಗ್ವೋಕ್.

ಬೀಜಿಂಗ್‌ನಲ್ಲಿ ಇದು ಪೂರ್ತಿ ಹೋಗಿದೆ. ಆ ಪದಗಳೆಲ್ಲ ನಾಲ್ಕು ಟೋನ್‌ಗಳಿಗೆ ಚದುರಿ ಹೋಗಿವೆ. ಒಂದು, ಎಂಟು ಇವು ಮೊದಲನೇ ಟೋನ್‌ಗೆ ಹೋದವು. ಹತ್ತು, ದೇಶ ಎರಡನೆಯದಕ್ಕೆ. ಉತ್ತರ ದಿಕ್ಕು, ಕಬ್ಬಿಣ ಮೂರನೆಯದಕ್ಕೆ. ಆರು, ತಿಂಗಳು ನಾಲ್ಕನೆಯದಕ್ಕೆ. ಇವತ್ತು ಬೀಜಿಂಗ್ ಮಾತು ಕಲಿಯುವವರಿಗೆ ಈ ಎಂಟು ಪದ ಒಂದು ಕಾಲಕ್ಕೆ ಒಂದೇ ಗುಂಪಿನಲ್ಲಿದ್ದವು ಅಂತ ಗೊತ್ತಾಗುವ ದಾರಿಯೇ ಇಲ್ಲ.

ತೈಯುವಾನ್‌ನಲ್ಲಿ ಈ ಎಂಟೂ ಇನ್ನೂ ಮೊಟಕಾಗಿಯೇ ಇವೆ. ಪ್, ತ್, ಕ್ ವ್ಯತ್ಯಾಸ ಅಲ್ಲಿ ಉಳಿದಿಲ್ಲ. ಮೂರೂ ಸೇರಿ ಗಂಟಲಲ್ಲಿ ಉಸಿರು ತಡೆಯುವ ಒಂದೇ ಸದ್ದು ಆಗಿದೆ. ಆ ತಡೆಯನ್ನು ನಾನು ' ಎಂದು ಬರೆಯುತ್ತೇನೆ. ಎಂಟು ಅಂದರೆ ಪ', ಹತ್ತು ಅಂದರೆ ಸ', ದೇಶ ಅಂದರೆ ಕ್ವ'. ಲೀ ರೋಂಗ್ ಹೇಳಿದ್ದು ಇಷ್ಟು: ಶಾನ್‌ಶಿಯಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಜಾಗಗಳಲ್ಲಿ ಎಲ್ಲೆಲ್ಲಿ ರುಶೆಂಗ್ ಉಳಿದಿದೆಯೋ ಅದು ಜಿನ್.

ಮಲೆಗಾಳಿ
ಇಲ್ಲೇ ನನ್ನ ತಕರಾರು. ರುಶೆಂಗ್ ಉಳಿಸಿಕೊಂಡಿದ್ದಕ್ಕೇ ಬೇರೆ ಗುಂಪು ಕೊಡುವುದಾದರೆ ನಾನ್‌ಜಿಂಗ್, ಯಾಂಗ್‌ಝೌ, ಹೆಫೇ ಮಾತಿಗೂ ಕೊಡಬೇಕು. ಯಾಂಗ್‌ತ್ಸೆ ಮತ್ತು ಹುವಾಯ್ ನದಿಗಳ ನಡುವಿನ ಆ ಮಾತಿಗೆ ಜಿಯಾಂಗ್‌ಹುವಾಯ್ ಮ್ಯಾಂಡರಿನ್ ಅಂತಾರೆ. ಅಲ್ಲೂ ರುಶೆಂಗ್ ಇದೆ, ಅಲ್ಲೂ ಕೊನೆಗೆ ಗಂಟಲ ತಡೆ ಇದೆ. ಆದರೂ ಅದೇ 1987ರ ನಕ್ಷೆ ಅದನ್ನು ಮ್ಯಾಂಡರಿನ್‌ನ 8 ಒಳಗುಂಪುಗಳಲ್ಲಿ ಒಂದು ಅಂತ ಇಟ್ಟಿದೆ. ಸಿಚುವಾನ್‌ನ ಲೆಶಾನ್ ಕಡೆಯ ನೈಋತ್ಯ ಮ್ಯಾಂಡರಿನ್‌ನಲ್ಲೂ ರುಶೆಂಗ್ ಬೇರೆ ಟೋನ್ ಆಗಿ ಉಳಿದಿದೆ. ಅದನ್ನೂ ಹೊರಗೆ ತೆಗೆಯಲಿಲ್ಲ.

ಒಂದೇ ಗುಣ, ಒಂದು ಕಡೆ ಬೇರೆ ನುಡಿ, ಇನ್ನೊಂದು ಕಡೆ ಒಳಗುಂಪು. ಇದು ನ್ಯಾಯವಾ?

ನುಡಿಗುರುತು
ಮಲೆಗಾಳಿ ಎತ್ತಿದ ಪ್ರಶ್ನೆಯನ್ನೇ ಚೀನಾದ ಒಳಗಿನ ವಿರೋಧಿಗಳೂ ಎತ್ತಿದ್ದಾರೆ. ಇದಕ್ಕಿಂತ ಆಳವಾದ ತೊಂದರೆ ಇನ್ನೊಂದಿದೆ. ನುಡಿಗಳ ವಂಶ ಗುರುತಿಸುವಾಗ ಹಳೆಯದನ್ನು ಯಾರು ಉಳಿಸಿಕೊಂಡರು ಅನ್ನುವುದಕ್ಕೆ ತೂಕ ಕಮ್ಮಿ. ಹೊಸ ಬದಲಾವಣೆಯನ್ನು ಯಾರು ಒಟ್ಟಿಗೆ ಮಾಡಿಕೊಂಡರು ಅನ್ನುವುದಕ್ಕೆ ತೂಕ ಜಾಸ್ತಿ.

ನಮ್ಮ ಕಡೆಯ ಉದಾಹರಣೆ ನೋಡಿ. ೞ ಅಕ್ಷರದ ಉಚ್ಚಾರ ತಮಿಳು, ಮಲಯಾಳದಲ್ಲಿ ಉಳಿದಿದೆ. ಹಳಗನ್ನಡದಲ್ಲೂ ಇತ್ತು. ಬರೀ ಅದನ್ನು ಹಿಡಿದು ಗುಂಪು ಮಾಡಿದರೆ ಪಂಪನ ಕನ್ನಡ ತಮಿಳಿನ ಜೊತೆಗೆ, ಇವತ್ತಿನ ಕನ್ನಡ ಬೇರೆ ಕಡೆಗೆ ಹೋಗುತ್ತದೆ. ಯಾರೂ ಒಪ್ಪುವುದಿಲ್ಲ. ಅದೇ ಪಾಲು ಹೋಗಿ ಹಾಲು ಆಗಿದ್ದು ಹೊಸ ಬದಲಾವಣೆ. ನೀಲಗಿರಿಯ ಬಡಗದಲ್ಲೂ ಹಾಲು ಅಂತಲೇ ಅನ್ನುತ್ತಾರೆ. ಬಡಗ ಕನ್ನಡದ ಪಕ್ಕದ್ದು ಅನ್ನುವುದಕ್ಕೆ ಇಂಥ ಸಾಕ್ಷಿ ಹೆಚ್ಚು ಗಟ್ಟಿ.

ರುಶೆಂಗ್ ಉಳಿಸಿಕೊಂಡಿದ್ದು ಮೊದಲನೇ ಜಾತಿಯ ಸಾಕ್ಷಿ. ದಿಂಗ್ ಬಾಂಗ್‌ಶಿನ್ ಎಂಬ ವಿದ್ವಾಂಸರು 1982ರಲ್ಲೇ ಒಂದು ನಿಯಮ ಹೇಳಿದ್ದರು. ದೊಡ್ಡ ಗುಂಪು ಮಾಡಲು ಹಳೆಯ ಕಾಲದ ಬದಲಾವಣೆ ನೋಡಬೇಕು, ಒಳಗುಂಪು ಮಾಡಲು ಈಚಿನದು ಸಾಕು. ಉತ್ತರದಲ್ಲಿ ರುಶೆಂಗ್ ಹೋಗಿದ್ದು ತೀರಾ ಹಳೇ ಕಥೆಯಲ್ಲ. ಅವರ ಅಳತೆಯಲ್ಲಿ ಅದನ್ನು ಹಿಡಿದು ದೊಡ್ಡ ಗುಂಪು ಮಾಡಲಾಗದು. ಅವರು ಜಿನ್ ಅನ್ನು ಬೇರೆ ಮಾಡುವುದನ್ನು ಒಪ್ಪಲಿಲ್ಲ.

ಕಾಳಿನದಿ
ಇದನ್ನು ನಾನೂ ಒಪ್ಪುತ್ತೇನೆ. ಅದಕ್ಕೇ ಲೀ ರೋಂಗ್ ಕಾರಣ ಸಾಲದು ಅಂದಿದ್ದು. ಆದರೆ ಜಿನ್ ಪರ ಇರುವವರು ಆ ಒಂದು ಕಾರಣದಲ್ಲೇ ಕೂತಿಲ್ಲ. ಹೌ ಜಿಂಗ್‌ಯಿ ಮತ್ತು ವೆನ್ ದುವಾನ್‌ಝೆಂಗ್ ಶಾನ್‌ಶಿ ಮಾತಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಅವರು ತೋರಿಸಿದ ಗುಣಗಳು ಇನ್ನೂ ಇವೆ.

ನನಗೆ ತುಂಬಾ ಇಷ್ಟವಾದದ್ದು ಸೀಳು ಪದಗಳು. ಒಂದು ಉಚ್ಚಾರದ ಪದವನ್ನು ಎರಡಾಗಿ ಸೀಳುತ್ತಾರೆ. ಮೊದಲ ತುಂಡು ಮೊಟಕು, ಗಂಟಲ ತಡೆಯದು. ಎರಡನೆಯದು ಯಾವಾಗಲೂ ಲ ಕಾರದಿಂದ ಶುರು. ಕೋಲು ಅನ್ನುವ ಪಾಂಗ್ ಹೋಗಿ ಪ'ಲಾಂಗ್. ತೂತು ಅನ್ನುವ ಖೋಂಗ್ ಹೋಗಿ ಖು'ಲೋಂಗ್. ಅಲ್ಲಾಡಿಸು ಅನ್ನುವ ಪಾಯ್ ಹೋಗಿ ಪ'ಲಾಯ್. ಬೀಜಿಂಗ್‌ನಲ್ಲೂ ಇಂಥ ಪದ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ತೂತಿಗೆ ಖುಲೊಂಗ್ ಅನ್ನುವುದು ಅಲ್ಲೂ ಬಳಕೆಯಲ್ಲಿದೆ. ಆದರೆ ಶಾನ್‌ಶಿಯಲ್ಲಿ ಇದು ದಿನದ ಮಾತಿನಲ್ಲಿ ರಾಶಿ ರಾಶಿ ಇದೆ.

ಇನ್ನೊಂದು ಕ' ಎಂಬ ಮುಂಜೋಡಣೆ. ಹೆಸರಿಗೂ ಸೇರುತ್ತದೆ, ಕ್ರಿಯೆಗೂ ಸೇರುತ್ತದೆ. ಮೆಟ್ಟಿಲು ಕ'ಥಾಯ್. ಕುಕ್ಕರಗಾಲಲ್ಲಿ ಕೂರುವುದು ಕ'ಜಿಯೌ. ಕ್ರಿಯೆಗೆ ಸೇರಿದಾಗ ಸ್ವಲ್ಪ ಮಾಡು, ಸುಮ್ನೆ ಹಾಗೇ ಮಾಡು ಅನ್ನುವ ಅರ್ಥ ಬರುತ್ತದೆ. ಈ ಮುಂಜೋಡಣೆ ಜಿನ್ ನಾಡಿನ ಉದ್ದಗಲಕ್ಕೂ ಇದೆ. ಇದು ಉಳಿಕೆ ಅಲ್ಲ, ಬೆಳೆಸಿಕೊಂಡದ್ದು.

ಮಲೆಗಾಳಿ
ಕ' ಮುಂಜೋಡಣೆ ಜಿನ್ ಗಡಿಯಲ್ಲಿ ನಿಲ್ಲುವುದಿಲ್ಲವಲ್ಲ. ಹೆನಾನ್, ಶಾಆನ್‌ಶಿಗಳ ಝೋಂಗ್‌ಯುವಾನ್ ಎಂಬ ಮ್ಯಾಂಡರಿನ್ ಒಳಗುಂಪಿನಲ್ಲೂ ಇದೆ. ಅಲ್ಲಿ ಗಂಟಲ ತಡೆ ಇಲ್ಲ, ಅಷ್ಟೇ ವ್ಯತ್ಯಾಸ.

ಕಾಳಿನದಿ
ಇದೆ, ನಿಜ. ಗಡಿ ದಾಟಿದಂತೆ ತೆಳುವಾಗುತ್ತದೆ. ಶಾನ್‌ಶಿ ನಡುವಿನ ಬೆಟ್ಟದೂರುಗಳಲ್ಲಿ ದಟ್ಟವಾಗಿರುತ್ತದೆ. ಗಡಿ ಅಂದರೆ ಗೋಡೆ ಇರಲೇಬೇಕು ಅಂತ ಹಟ ಹಿಡಿದರೆ ಪ್ರಪಂಚದ ಯಾವ ನುಡಿಗೂ ಗಡಿ ಸಿಗಲ್ಲ.

ಬಯಲುಸೀಮೆ_ಮಂಜು
ನಾನು ಕೆಲಸದ ಮೇಲೆ ತೈಯುವಾನ್‌ನಲ್ಲಿ ಇದ್ದವನು. ಪುತೊಂಗ್‌ಹುವಾ, ಅಂದರೆ ಚೀನಾದ ಅಧಿಕೃತ ಶಿಷ್ಟ ಮಾತು, ಚೆನ್ನಾಗಿ ಕಲಿತಿದ್ದೆ. ನಗರದಲ್ಲಿ ಅಂಗಡಿ, ಬಸ್ಸು, ಕಚೇರಿ ಎಲ್ಲೂ ತೊಂದರೆ ಆಗಲಿಲ್ಲ. ಯಾಕೆಂದರೆ ನನ್ನ ಜೊತೆ ಎಲ್ಲರೂ ಪುತೊಂಗ್‌ಹುವಾ ಆಡುತ್ತಿದ್ದರು. ಆದರೆ ವಯಸ್ಸಾದವರು ತಮ್ಮತಮ್ಮೊಳಗೆ ಮಾತಾಡುವಾಗ ನನಗೆ ಹಿಡಿಯುತ್ತಿದ್ದದ್ದು ಅಲ್ಲೊಂದು ಪದ, ಇಲ್ಲೊಂದು ಪದ. ಬೀಜಿಂಗ್‌ನಿಂದ ಬಂದಿದ್ದ ಸಹೋದ್ಯೋಗಿಗೂ ಲ್ಯೂಲಿಯಾಂಗ್ ಬೆಟ್ಟದ ಕಡೆಯ ಡ್ರೈವರ್ ಮನೆಗೆ ಫೋನ್ ಮಾಡಿದಾಗ ಏನೂ ಅರ್ಥವಾಗುತ್ತಿರಲಿಲ್ಲ.

ಇನ್ನೊಂದು ಗಮನಿಸಿದೆ. ಅಲ್ಲಿನವರು ಯಾರೂ ನಾನು ಜಿನ್ ಮಾತಾಡುತ್ತೇನೆ ಅನ್ನಲ್ಲ. ತೈಯುವಾನ್ ಮಾತು, ಪಿಂಗ್ಯಾವ್ ಮಾತು, ದಾತೋಂಗ್ ಮಾತು ಅಂತಾರೆ. ದೊಡ್ಡದಾಗಿ ಹೇಳಿದರೆ ಶಾನ್‌ಶಿ ಮಾತು. ಜಿನ್ ಅನ್ನುವುದು ವಿದ್ವಾಂಸರ ಹೆಸರು. ಪಕ್ಕದ ಕೌಂಟಿಯವರ ಮಾತೇ ನಮಗೆ ತಿಳಿಯಲ್ಲ ಅಂತ ಹೇಳುವವರೂ ಸಿಕ್ಕಿದ್ದರು.

ಹೊಸಬೆಳಕು
ಹಾಗಾದರೆ ಸುಲಭ ಅಲ್ವಾ? ಬೀಜಿಂಗಿನವರಿಗೆ ಅರ್ಥವಾಗದಿದ್ದರೆ ಬೇರೆ ಭಾಷೆ.

ಬಯಲುಸೀಮೆ_ಮಂಜು
ಅಷ್ಟು ಸುಲಭ ಇಲ್ಲ. ದಾತೋಂಗ್‌ನವರ ಮಾತು ಅದೇ ಬೀಜಿಂಗ್ ಗೆಳೆಯನಿಗೆ ಬಹುಪಾಲು ಅರ್ಥವಾಗುತ್ತಿತ್ತು. ದಾತೋಂಗ್ ಕೂಡ ಜಿನ್ ತಾನೇ? ಇತ್ತ ಸಿಚುವಾನ್ ಹಳ್ಳಿಯ ಮಾತು ಅವನಿಗೆ ಕಷ್ಟವಾಗುತ್ತಿತ್ತು. ಅದು ಮ್ಯಾಂಡರಿನ್. ಅರ್ಥವಾಗುವುದು ಬಿಡುವುದು ಇಟ್ಟುಕೊಂಡು ಗೆರೆ ಎಳೆದರೆ ನಕ್ಷೆಯ ಗೆರೆ ಎಲ್ಲೂ ಹೊಂದಲ್ಲ.

ನುಡಿಗುರುತು
ಮಂಜು ಹೇಳಿದ್ದಕ್ಕೆ ಒಂದು ಪೂರಕ. ಅಮೆರಿಕದ ಭಾಷಾ ವಿದ್ವಾಂಸ ಜೆರಿ ನಾರ್ಮನ್ 1988ರಲ್ಲಿ ಚೀನೀ ನುಡಿಗಳನ್ನು ಉತ್ತರ, ನಡು, ದಕ್ಷಿಣ ಎಂದು ಮೂರು ಮಾಡಲು 10 ಪರೀಕ್ಷೆ ಇಟ್ಟರು. ಮೂರನೇ ವ್ಯಕ್ತಿಗೆ ಥಾ ಅಂತಾರಾ, ಇಲ್ಲ ಅನ್ನಲು ಬು ಜಾತಿಯ ಪದ ಇದೆಯಾ, ನಿಲ್ಲು ಮತ್ತು ನಡೆ ಅನ್ನುವುದಕ್ಕೆ ಯಾವ ಪದ, ಹೀಗೆ. ತೈಯುವಾನ್ ಬಹುತೇಕ ಪರೀಕ್ಷೆಗಳಲ್ಲಿ ಉತ್ತರದ ಕಡೆಗೇ ನಿಲ್ಲುತ್ತದೆ. ಇಲ್ಲ ಅನ್ನುವುದು ಅಲ್ಲಿ ಪ', ಅಂದರೆ ಬು ಪದದ ಮೊಟಕು ರೂಪವೇ.

ಆದರೆ ಒಂದು ಪರೀಕ್ಷೆಯಲ್ಲಿ ತೈಯುವಾನ್ ಎಡವುತ್ತದೆ, ಅದು ತುಂಬಾ ಕುತೂಹಲದ್ದು. ಉತ್ತರದ ನುಡಿಗಳಲ್ಲಿ ಹಳೇ ಚೀನೀಯ ನಾಲ್ಕು ಟೋನ್‌ಗಳಲ್ಲಿ ಮೊದಲನೆಯದಾದ ಸಮ ಟೋನ್ ಮಾತ್ರ ಎರಡಾಗಿ ಒಡೆದಿರಬೇಕು, ಬೇರೆ ಟೋನ್ ಒಡೆದಿರಬಾರದು ಅಂತ ನಾರ್ಮನ್ ನಿಯಮ. ಬೀಜಿಂಗ್‌ನ 1 ಮತ್ತು 2ನೇ ಟೋನ್ ಹೀಗೆ ಒಡೆದು ಬಂದವು. ತೈಯುವಾನ್‌ನಲ್ಲಿ ಸರಿಯಾಗಿ ಉಲ್ಟಾ. ಸಮ ಟೋನ್ ಒಂದೇ ಆಗಿದೆ. ಒಡೆದಿರುವುದು ರುಶೆಂಗ್. ಒಂದು ಮೊಟಕು ಟೋನ್ ತಗ್ಗಿನಲ್ಲಿ ಇರುತ್ತದೆ, ಇನ್ನೊಂದು ಮೇಲಿಂದ ಬೀಳುತ್ತದೆ. ಹೀಗೆ ಒಟ್ಟು 5 ಟೋನ್.

ಕಾಳಿನದಿ
ಟೋನ್ ವಿಷಯಕ್ಕೆ ಬಂದಿರಿ, ಹಾಗಾದರೆ ಪಿಂಗ್ಯಾವ್ ಬಗ್ಗೆ ಹೇಳಲೇಬೇಕು. 1823ರಲ್ಲಿ ರಿಶೆಂಗ್‌ಚಾಂಗ್ ಎಂಬ ಹುಂಡಿ ವ್ಯಾಪಾರದ ಮನೆ ಶುರುವಾದ ಊರು ಅದು. ಶಾನ್‌ಶಿ ವ್ಯಾಪಾರಿಗಳು ಚೀನಾದ ದುಡ್ಡನ್ನೆಲ್ಲ ಓಡಾಡಿಸುತ್ತಿದ್ದ ಕಾಲ. ಇವತ್ತು ಪ್ರವಾಸಿಗರು ಹಳೇ ಕೋಟೆ ಗೋಡೆ ನೋಡಲು ಹೋಗುತ್ತಾರೆ. ಭಾಷಾ ಶಾಸ್ತ್ರದವರು ಅಲ್ಲಿನ ಟೋನ್ ನೋಡುತ್ತಾರೆ.

ಎರಡು ಪದ ಜೊತೆಯಾದಾಗ ಟೋನ್ ಬದಲಾಗುವುದು ಚೀನೀ ನುಡಿಗಳಲ್ಲಿ ಮಾಮೂಲು. ಸಾಮಾನ್ಯವಾಗಿ ಯಾವ ಟೋನ್ ಪಕ್ಕ ಯಾವ ಟೋನ್ ಬಂತು ಅನ್ನುವುದು ಮಾತ್ರ ಲೆಕ್ಕ. ಪಿಂಗ್ಯಾವ್‌ನಲ್ಲಿ ವ್ಯಾಕರಣವೂ ಲೆಕ್ಕಕ್ಕೆ ಬರುತ್ತದೆ. ಕ್ರಿಯೆ ಮತ್ತು ಕರ್ಮ ಜೊತೆಯಾದರೆ ಟೋನ್ ಒಂದು ಥರ ಬದಲಾಗುತ್ತದೆ. ಗುಣಪದ ಮತ್ತು ಹೆಸರು ಜೊತೆಯಾದರೆ ಇನ್ನೊಂದು ಥರ. ಅದೇ ಎರಡು ಟೋನ್‌ಗಳೇ ಆಗಿದ್ದರೂ ಫಲ ಬೇರೆ. 1980ರಲ್ಲಿ ಹೌ ಜಿಂಗ್‌ಯಿ ಇದನ್ನು ವಿವರವಾಗಿ ಬರೆದ ಮೇಲೆ ಜಗತ್ತಿನಾದ್ಯಂತ ಟೋನ್ ಅಧ್ಯಯನ ಮಾಡುವವರು ಪಿಂಗ್ಯಾವ್ ಹೆಸರು ಹೇಳದೆ ಇರಲಾಗಲಿಲ್ಲ.

ಇಂಥ ಮಾತನ್ನು ಮ್ಯಾಂಡರಿನ್‌ನ ಒಂದು ಉಪಭಾಷೆ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಟ್ಟರೆ ಅದನ್ನು ಕಲಿಯಲು, ದಾಖಲಿಸಲು ಯಾರು ಬರುತ್ತಾರೆ? ನನಗೆ ನೋವಾಗುವುದು ಅಲ್ಲಿ.

ಶಾಲ್ಮಲಾ
ಇಷ್ಟೊತ್ತು ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ಬೀಜಿಂಗ್ ಇರುವುದು ಎಷ್ಟು ದೂರ? ಹೆಚ್ಚೇನಿಲ್ಲ. ದೂರದ ಸಿಚುವಾನ್ ಮ್ಯಾಂಡರಿನ್ ಆಯಿತು, ಪಕ್ಕದ ಶಾನ್‌ಶಿ ಯಾಕೆ ಹೀಗೆ ಉಳಿಯಿತು?

ಕಾಳಿನದಿ
ನೆಲ ನೋಡಿ. ಪೂರ್ವಕ್ಕೆ ತೈಹಾಂಗ್ ಬೆಟ್ಟ ಸಾಲು. ಪಶ್ಚಿಮಕ್ಕೆ ಲ್ಯೂಲಿಯಾಂಗ್ ಬೆಟ್ಟ, ಅದರಾಚೆ ಆಳ ಕಣಿವೆಯಲ್ಲಿ ಹಳದಿ ನದಿ. ನಡುವೆ ಫೆನ್ ನದಿಯ ಬಯಲು. ಹೆಬೇ ಬಯಲಿನಲ್ಲಿ ಯುದ್ಧ, ವಲಸೆ, ರಾಜಧಾನಿಯ ಪ್ರಭಾವ ಎಲ್ಲ ಅಲೆಯಂತೆ ಹರಡಿದಾಗ ಬೆಟ್ಟದ ಈಚೆಗೆ ಅಷ್ಟು ಬೇಗ ಬರಲಿಲ್ಲ. ಸಿಚುವಾನ್ ಕಥೆ ಬೇರೆ. ಅಲ್ಲಿ 17ನೇ ಶತಮಾನದಲ್ಲಿ ಮಿಂಗ್ ಅರಸರ ಕೊನೆಗಾಲದ ಯುದ್ಧಗಳಲ್ಲಿ ಜನ ಸತ್ತು ಊರು ಬರಿದಾದವು. ನಂತರದ ಚಿಂಗ್ ಅರಸರ ಕಾಲದಲ್ಲಿ ಹುಬೇ ಮತ್ತು ಹುನಾನ್ ಕಡೆಯಿಂದ ವಲಸೆ ಬಂದವರು ತುಂಬಿಕೊಂಡರು. ಅದಕ್ಕೇ ಅಷ್ಟು ದೊಡ್ಡ ನಾಡಿನಲ್ಲಿ ಮಾತು ಅಷ್ಟು ಸಮನಾಗಿದೆ.

ಶಾನ್‌ಶಿಯಲ್ಲಿ ಆಗಿದ್ದು ತಿರುಗುಮುರುಗು. ಅಲ್ಲಿಂದ ಜನ ಹೊರಗೆ ಹೋದರು. ಮಿಂಗ್ ಶುರುವಿನಲ್ಲಿ ಸರ್ಕಾರವೇ ಹೆನಾನ್, ಹೆಬೇ ಕಡೆಗೆ ಕಳಿಸಿತು. ಚಿಂಗ್ ಕಾಲದಲ್ಲಿ ಬರಗಾಲ ಬಂದಾಗ ಬಡ ರೈತರು ಮಹಾಗೋಡೆ ದಾಟಿ ಒಳ ಮಂಗೋಲಿಯಾಕ್ಕೆ ಹೋದರು.

ಶಾಲ್ಮಲಾ
ಅಂದರೆ ಹೋಹೋಟ್‌ನಲ್ಲಿ ಜಿನ್ ಇರುವುದು ಆ ವಲಸೆಯಿಂದ?

ಬಯಲುಸೀಮೆ_ಮಂಜು
ಹೌದು. ಹೋಹೋಟ್ ನಗರದೊಳಗೇ ಎರಡು ಚೀನೀ ಇತ್ತು, ಗೊತ್ತಾ? ಹಳೇ ಊರಿನಲ್ಲಿ ಶಾನ್‌ಶಿಯಿಂದ ಬಂದ ವ್ಯಾಪಾರಿಗಳು, ರೈತರು. ಅವರದು ಜಿನ್. ಅದರ ಪಕ್ಕದಲ್ಲೇ 18ನೇ ಶತಮಾನದಲ್ಲಿ ಮಂಚು ಸೈನಿಕರಿಗಾಗಿ ಹೊಸ ಕೋಟೆ ಊರು ಕಟ್ಟಿದರು. ಅಲ್ಲಿಯವರ ಮಾತು ಬೀಜಿಂಗ್ ಹತ್ತಿರದ್ದು. ಎರಡೂ ಊರು ಬೆಳೆದು ಒಂದಾದವು, ಆದರೆ ಹಳೇ ಊರಿನ ಮಾತು, ಹೊಸ ಊರಿನ ಮಾತು ಅನ್ನುವ ಭೇದ ಬಹಳ ಕಾಲ ಉಳಿಯಿತು. ಈಗಿನ ಹುಡುಗರ ಬಾಯಲ್ಲಿ ಪುತೊಂಗ್‌ಹುವಾ ಎರಡನ್ನೂ ಹಿಂದೆ ಹಾಕಿದೆ.

ಅರಬ್ಬೀತೀರ
ನನಗೆ ಇದರಲ್ಲಿ ರಾಜಕೀಯ ಕಾಣುತ್ತದೆ. 1956ರಲ್ಲಿ ಚೀನಾ ಸರ್ಕಾರ ಪುತೊಂಗ್‌ಹುವಾಕ್ಕೆ ವ್ಯಾಖ್ಯೆ ಕೊಟ್ಟಾಗ ಉಚ್ಚಾರ ಬೀಜಿಂಗ್‌ನದು, ತಳಹದಿ ಉತ್ತರದ ಮಾತು ಅಂದಿತು. ಉತ್ತರದವರೆಲ್ಲ ಒಂದೇ ಮಾತು ಆಡುತ್ತಾರೆ ಅನ್ನುವ ಚಿತ್ರ ಅದಕ್ಕೆ ಅನುಕೂಲ. ಜಿನ್ ಬೇರೆ ಅಂದುಬಿಟ್ಟರೆ ಆ ತಳಹದಿಯಿಂದ 6 ಕೋಟಿ ಜನ ಹೊರಗೆ ಬರುತ್ತಾರೆ. ಇದಕ್ಕೇ ವಿರೋಧ ಇರಬಹುದಾ?

ನುಡಿಗುರುತು
ಹಾಗೆ ಹೇಳಲು ಆಧಾರ ಕಾಣಲ್ಲ. 1987ರ ನಕ್ಷೆ ಸರ್ಕಾರದ್ದೇ ಆದ ಸಮಾಜ ವಿಜ್ಞಾನ ಅಕಾಡೆಮಿಯದು. 2012ರ ಎರಡನೇ ಆವೃತ್ತಿಯಲ್ಲೂ ಜಿನ್ ಬೇರೆ ಗುಂಪಾಗಿಯೇ ಉಳಿಯಿತು. ಭಾಷೆಗಳಿಗೆ ಮೂರಕ್ಷರದ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಜಿನ್‌ಗೆ ಸಿಜೆವೈ ಎಂಬ ಬೇರೆ ಸಂಕೇತ ಇದೆ. ವಿರೋಧ ಬಂದಿದ್ದು ಸಹ ವಿದ್ವಾಂಸರಿಂದ, ಅದೂ ಉಚ್ಚಾರದ ಇತಿಹಾಸ ಹಿಡಿದು. ಶಾಲೆ, ಟಿವಿ, ಕಚೇರಿಗಳಲ್ಲಿ ಪುತೊಂಗ್‌ಹುವಾ ಒತ್ತಡ ಇದ್ದೇ ಇದೆ. 2001ರಿಂದ ಅದಕ್ಕೆ ಕಾನೂನಿನ ಬಲವೂ ಇದೆ. ಆದರೆ ಆ ಒತ್ತಡ ಕ್ಯಾಂಟನೀಸ್ ಮೇಲೂ ಇದೆ, ಸಿಚುವಾನ್ ಮಾತಿನ ಮೇಲೂ ಇದೆ. ವಿಂಗಡಣೆ ಬೇರೆ ವಿಷಯ.

ಇನ್ನು ಜಿನ್ ಪರವಾಗಿ ಇರುವ ವಾದಗಳಲ್ಲಿ ನನ್ನನ್ನು ಅಲ್ಲಾಡಿಸುವುದು ಒಂದೇ. ಅದು ಇತಿಹಾಸದ್ದು. ಚಿಯಾವ್ ಚುವಾನ್‌ಶೆಂಗ್ ಎಂಬ ವಿದ್ವಾಂಸರು ಜಿನ್ ಬಂದಿದ್ದು ತಾಂಗ್ ಅರಸರ ಕಾಲದ (7ರಿಂದ 10ನೇ ಶತಮಾನ) ವಾಯವ್ಯ ಚೀನಾದ ಮಾತಿನಿಂದ ಅಂತ ಹೇಳುತ್ತಾರೆ. ಆ ಮಾತು ಹೇಗಿತ್ತು ಅಂತ ನಮಗೆ ಗೊತ್ತಾಗಲು ಸಂಸ್ಕೃತವೂ ಒಂದು ಕಾರಣ. 8ನೇ ಶತಮಾನದಲ್ಲಿ ತಾಂಗ್ ರಾಜಧಾನಿ ಛಾಂಗ್‌ಆನ್‌ನಲ್ಲಿದ್ದ ಬೌದ್ಧ ಗುರು ಅಮೋಘವಜ್ರ ಸಂಸ್ಕೃತ ಮಂತ್ರಗಳನ್ನು ಚೀನೀ ಅಕ್ಷರದಲ್ಲಿ ಬರೆಸಿದರು. ಗ, ದ, ಬ ಬರೆಯಬೇಕಾದ ಕಡೆ ಅವರು ಙ, ನ, ಮ ದಿಂದ ಶುರುವಾಗುವ ಚೀನೀ ಅಕ್ಷರ ಬಳಸಿದರು. ಅಂದರೆ ಅಲ್ಲಿನ ಜನ ಮ ಅನ್ನುವುದನ್ನು ಹೆಚ್ಚುಕಮ್ಮಿ ಂಬ ಅಂತ ಉಚ್ಚರಿಸುತ್ತಿದ್ದರು.

ಈಗ 1910ಕ್ಕೆ ಬನ್ನಿ. ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ಎಂಬ ಯುವಕ ಚೀನಾಕ್ಕೆ ಹೋದ. ತೈಯುವಾನ್‌ನಲ್ಲಿ ಪಾಠ ಹೇಳುತ್ತಾ ಸುತ್ತಲಿನ ಮಾತುಗಳನ್ನು ಬರೆದುಕೊಂಡ. ಹಳೇ ಚೀನೀ ಉಚ್ಚಾರವನ್ನು ಮರಳಿ ಕಟ್ಟುವ ಕೆಲಸಕ್ಕೆ ಮುಂದೆ ಇದೇ ಸಾಮಗ್ರಿ ಬಳಕೆಯಾಯಿತು. ತೈಯುವಾನ್‌ನ ನೈಋತ್ಯಕ್ಕಿರುವ ವೆನ್‌ಶುಯಿಯಲ್ಲಿ ಅವನಿಗೆ ಕೇಳಿಸಿದ್ದು ಏನು? ಂಬ, ಂದ, ಂಗ. ಅಮೋಘವಜ್ರರ ಕಾಲದಿಂದ 1100 ವರ್ಷ ಕಳೆದಿತ್ತು.

ಕಾಳಿನದಿ
ಇದು ಓದಿ ಮೈ ಜುಮ್ ಅಂದಿತು. ಇದೂ ಬರೀ ಉಳಿಕೆ ಅಲ್ಲ ನೋಡಿ. ಮ ಹೋಗಿ ಂಬ ಆಗಿದ್ದು ವಾಯವ್ಯದಲ್ಲಿ ಆದ ಹೊಸ ಬದಲಾವಣೆ. ನೀವು ಕೇಳಿದ ಜಾತಿಯ ಸಾಕ್ಷಿ ಇದೇ ಅಲ್ವಾ?

ನುಡಿಗುರುತು
ಹೌದು, ಆ ಜಾತಿಯದೇ. ವಾಯವ್ಯ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ, ಟಿಬೆಟನ್ ಲಿಪಿಯಲ್ಲಿ ಚೀನೀ ಬರೆದ ಹಾಳೆಗಳಲ್ಲೂ ಇಂಥದ್ದಿದೆ. ಕೊನೆಯ ಙ್ ಕೆಲವು ಪದಗಳಲ್ಲಿ ಬಿದ್ದು ಹೋಗಿದೆ. ಲುವೋ ಚಾಂಗ್‌ಪೇ 1933ರಲ್ಲಿ ಅದನ್ನು ತೋರಿಸಿದರು. ಶಾನ್‌ಶಿ ನಡುಭಾಗದ ಮನೆಮಾತಿನಲ್ಲೂ ಅದೇ ಜಾತಿಯ ಪದಗಳಲ್ಲಿ ಙ್ ಬಿದ್ದಿದೆ. ಪುಸ್ತಕದ ಓದಿನಲ್ಲಿ ಮಾತ್ರ ಇದೆ.

ಆದರೆ ಈ ವಾದ ನಿಮಗೆ ಪೂರ್ತಿ ಅನುಕೂಲ ಅಂದುಕೊಳ್ಳಬೇಡಿ. ಶಾನ್‌ಶಿಯ ನೈಋತ್ಯ ಮೂಲೆ ನೋಡಿ, ಫೆನ್ ನದಿ ಕೆಳಗಿನ ಲಿನ್‌ಫೆನ್ ಮತ್ತು ಯುನ್‌ಚೆಂಗ್. ಅಲ್ಲಿ ರುಶೆಂಗ್ ಹೋಗಿದೆ. ಹಾಗಾಗಿ ಲೀ ರೋಂಗ್ ಅದನ್ನು ಝೋಂಗ್‌ಯುವಾನ್ ಮ್ಯಾಂಡರಿನ್‌ಗೆ ಹಾಕಿದರು. ಆದರೆ ತಾಂಗ್ ಕಾಲದ ಙ್ ಬೀಳುವ ಗುಣ ಅಲ್ಲೂ ಜೋರಾಗಿದೆ. ಇತಿಹಾಸ ಹಿಡಿದರೆ ಲಿನ್‌ಫೆನ್ ಒಳಗೆ ಬರಬೇಕು. ಲಿನ್‌ಫೆನ್ ಬಂದರೆ ನದಿಯಾಚೆಯ ಹಳೇ ಛಾಂಗ್‌ಆನ್ ಸುತ್ತಲಿನ ಮಾತು ಯಾಕೆ ಬರಬಾರದು? ಗೆರೆ ಜಾರುತ್ತಾ ಹೋಗುತ್ತದೆ.

ಮಲೆಗಾಳಿ
ಅದಕ್ಕೇ ನಾನು ಜಿನ್ ಅನ್ನುವ ಒಂದೇ ಗುಂಪು ಇದೆ ಅನ್ನುವುದನ್ನೇ ನಂಬಲ್ಲ. ನಕ್ಷೆಯಲ್ಲಿ ಜಿನ್‌ಗೆ 8 ಒಳಗುಂಪು. ಒಂದೊಂದರಲ್ಲೂ ಟೋನ್ ಲೆಕ್ಕ ಬೇರೆ. ತೈಯುವಾನ್ ಸುತ್ತ ಸಮ ಟೋನ್ ಒಂದೇ. ದಾತೋಂಗ್, ಬಾವ್‌ತೌ ಕಡೆ ಅದು ಎರಡು, ರುಶೆಂಗ್ ಒಂದೇ. ಹೋಹೋಟ್‌ನಲ್ಲಿ ಎರಡೂ ಒಂದೊಂದೇ. ವುತಾಯ್ ಕಡೆ ಮೊದಲನೇ ಟೋನ್ ಮೂರನೆಯದರ ಜೊತೆ ಸೇರಿಹೋಗಿದೆ. ಆಗ್ನೇಯದ ಚಾಂಗ್‌ಝಿಯಲ್ಲಿ ನಾಲ್ಕನೇ ಟೋನ್ ಕೂಡ ಎರಡಾಗಿದೆ. ಯಾನ್‌ಆನ್ ಹತ್ತಿರದ ಝಿದಾನ್, ಯಾನ್‌ಚುವಾನ್ ಕಡೆ ರುಶೆಂಗ್ ಅರ್ಧಕ್ಕರ್ಧ ಕರಗಿದೆ. ಇದೆಲ್ಲವನ್ನು ಕಟ್ಟಿ ಹಿಡಿದಿರುವುದು ಯಾವುದು? ರುಶೆಂಗ್ ಒಂದೇ. ಅದೂ ಕರಗುತ್ತಿದೆ.

ಬಯಲುಸೀಮೆ_ಮಂಜು
ಕರಗುತ್ತಿರುವುದು ನಿಜ. ತೈಯುವಾನ್ ಹುಡುಗರ ಬಾಯಲ್ಲಿ ಗಂಟಲ ತಡೆ ಸಡಿಲ. ಎರಡು ಮೊಟಕು ಟೋನ್‌ಗಳ ಭೇದವೂ ಹೋಗುತ್ತಿದೆ. ಹಾಗಂತ ಅವರು ಜಿನ್ ಆಡುವುದು ಬಿಟ್ಟು ಮ್ಯಾಂಡರಿನ್ ಆಡಲು ಶುರು ಮಾಡಿದರು ಅಂತ ಹೇಳಕ್ಕಾಗುತ್ತಾ? ಅಜ್ಜಿ ಒಂದು ಗುಂಪು, ಮೊಮ್ಮಗ ಇನ್ನೊಂದು ಗುಂಪು ಆಗಿಬಿಡುತ್ತಾರೆ. ಊಟದ ಮುಂದೆ ಕೂತು ಇಬ್ಬರೂ ಸಲೀಸಾಗಿ ಮಾತಾಡುತ್ತಾರೆ.

ಕಾಳಿನದಿ
ಮಂಜು ಹೇಳಿದ್ದೇ ನನ್ನ ವಾದ. ಒಂದೇ ಗುಣದ ಮೇಲೆ ಗುಂಪು ನಿಲ್ಲಿಸಿದರೆ ಆ ಗುಣ ಹೋದ ದಿನ ಗುಂಪೂ ಹೋಗುತ್ತದೆ. ಆದರೆ ಸೀಳು ಪದ, ಕ' ಮುಂಜೋಡಣೆ, ಂಬ ಂದ ಂಗ, ಮನೆಮಾತಿನಲ್ಲಿ ಬಿದ್ದ ಙ್ ಇವೆಲ್ಲ ಒಟ್ಟಿಗೆ ಸಿಗುವ ಒಂದು ನಡುನಾಡು ಇದೆ. ತೈಯುವಾನ್ ಬಯಲು ಮತ್ತು ಲ್ಯೂಲಿಯಾಂಗ್ ಬೆಟ್ಟ. ನಕ್ಷೆ ಇವನ್ನು ಬಿಂಗ್‌ಝೌ ಮತ್ತು ಲ್ಯೂಲಿಯಾಂಗ್ ಒಳಗುಂಪು ಅನ್ನುತ್ತದೆ. ಜಿನ್ ಅಂದರೆ ಮೊದಲು ಅದು. ಅಲ್ಲಿಂದ ಹೊರಗೆ ಹೋದಂತೆ ಗುಣಗಳು ಒಂದೊಂದೇ ಉದುರುತ್ತವೆ. ಝಾಂಗ್‌ಜಿಯಾಕೌ ತಲುಪುವಷ್ಟರಲ್ಲಿ, 2022ರ ಚಳಿಗಾಲದ ಒಲಿಂಪಿಕ್ಸ್ ಸ್ಪರ್ಧೆಗಳು ನಡೆದ ಊರು ಅದು, ಉಳಿಯುವುದು ಸ್ವಲ್ಪವೇ. ಹೊರ ಅಂಚನ್ನು ಮ್ಯಾಂಡರಿನ್ ಅಂತ ಕರೆದರೂ ನನಗೆ ಬೇಸರ ಇಲ್ಲ. ನಡುನಾಡನ್ನು ಹಾಗೆ ಕರೆದರೆ ಒಪ್ಪಲ್ಲ.

ನುಡಿಗುರುತು
ಹಾಗೆ ಕಿರಿದು ಮಾಡಿಕೊಂಡರೆ ನಾನು ಅರ್ಧ ದಾರಿ ನಿಮ್ಮ ಜೊತೆ ಬರುತ್ತೇನೆ. ಆಗ ಲಿನ್‌ಫೆನ್ ಅನ್ನು ಆ ನಡುನಾಡಿನ ನೆಂಟ ಅಂತ ಬರೆಯಬಹುದು. ರುಶೆಂಗ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ದೂರ ಇಡಬೇಕಾಗಿಲ್ಲ. ಆದರೆ ದೊಡ್ಡ ಗುಂಪು ಅನ್ನುವ ಪಟ್ಟ, ಕ್ಯಾಂಟನೀಸ್ ಮತ್ತು ಆಗ್ನೇಯ ಕರಾವಳಿಯ ಮಿನ್ ನುಡಿಗಳ ಪಕ್ಕದಲ್ಲಿ ಅದೇ ಸಾಲಿನಲ್ಲಿ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಿನ್ ಬೇರೆಯಾಗಿದ್ದು ತಾಂಗ್ ಕಾಲಕ್ಕೂ ಎಷ್ಟೋ ಮುಂಚೆ. ಜಿನ್‌ನ ದೂರ ಅಷ್ಟಿಲ್ಲ.

ಹೊಸಬೆಳಕು
ನನ್ನ ಒಂದು ಪ್ರಶ್ನೆ ಹಾಗೇ ಉಳಿಯಿತು. ಇದೇ ಅಳತೆ ಹಿಡಿದರೆ ಮಲೆಗಾಳಿ ಹೇಳಿದ ನಾನ್‌ಜಿಂಗ್ ಕಡೆಯ ಜಿಯಾಂಗ್‌ಹುವಾಯ್ ಕಥೆ ಏನು?

ಕಾಳಿನದಿ
ಒಳ್ಳೇ ಪ್ರಶ್ನೆ. ನಾನ್‌ಜಿಂಗ್, ಹೆಫೇ ನನ್ನ ಅಳತೆಯಲ್ಲೂ ಮ್ಯಾಂಡರಿನ್‌ನಲ್ಲೇ ಉಳಿಯುತ್ತವೆ. ಅಲ್ಲಿ ರುಶೆಂಗ್ ಬಿಟ್ಟರೆ ಬೇರೆ ಗುಣಗಳ ಗೊಂಚಲು ಅಷ್ಟು ದಟ್ಟವಾಗಿಲ್ಲ. ಆದರೆ ಅದೇ ಗುಂಪಿನ ಪೂರ್ವ ತುದಿಯ ನಾಂತೋಂಗ್, ತಾಯ್‌ಝೌ ಬೇರೆ. ನಾಂತೋಂಗ್‌ನಲ್ಲಿ 7 ಟೋನ್ ಇವೆ. ಅಲ್ಲಿನ ಮಾತಿನ ಅಡಿಯಲ್ಲಿ ಶಾಂಘೈ ಕಡೆಯ ವೂ ನುಡಿಯ ಪದರ ಇದೆ. ಅದನ್ನು ಮ್ಯಾಂಡರಿನ್ ಅಂತ ಸುಮ್ನೆ ಬಿಡುವುದು ನನಗೆ ಸರಿ ಕಾಣಲ್ಲ. ಅದಕ್ಕೆ ಹೊಸ ಎಳೆ ತೆರೆಯಿರಿ. ಟೋನ್ ವಿವರ ನಾನು ಹಾಕುತ್ತೇನೆ, ವೂ ಪದರದ ಬಗ್ಗೆ ನುಡಿಗುರುತು ಬರೆದರೆ ಚೆನ್ನ.